ನಿರ್ದೋಷಿ ಬಚ್ಚಲು

ನ್ಯಾಮತಿಯ ಹಳೇ ಪೇಟೆ ಬೀದಿಯಲ್ಲಿ ಬೆನಕಪ್ಪನವರನ್ನು ಎಲ್ಲರೂ ಸೈನ್ಸ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಈ ಹೆಸರಿನ ಮೊದಲರ್ಧ ನಿಜ. ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಅವರು ಮೂವತ್ತೊಂದು ವರ್ಷ ವಿಜ್ಞಾನಕ್ಕೆ ಸೇವೆ ಸಲ್ಲಿಸಿದ್ದರು, ಪ್ರಯೋಗಾಲಯದ ಅಟೆಂಡರ್ ಆಗಿ. ಗಾಜಿನ ನಳಿಕೆ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಮೇಷ್ಟ್ರು ರಜೆ ಹಾಕಿದ ದಿನ ಬಾಗಿಲಿಗೆ ಬೀಗ ಹಾಕುವುದು ಅವರ ಕೆಲಸ. ನಿವೃತ್ತರಾಗಿ ನ್ಯಾಮತಿಗೆ ಬಂದು ಮನೆ ಕೊಂಡ ಮೊದಲ ದಿನವೇ ಪಕ್ಕದ ಮನೆಯ ತಿಪ್ಪೇಶಪ್ಪ ಬಂದು, ಏನು ಕೆಲಸದಲ್ಲಿದ್ದಿರಿ ಎಂದು ವಿಚಾರಿಸಿದ್ದರು. ಹೈಸ್ಕೂಲಿನಲ್ಲಿ, ಸೈನ್ಸ್ ಕಡೆ ಎಂದು ಬೆನಕಪ್ಪ ಉತ್ತರ ಕೊಟ್ಟರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಉಳಿದದ್ದನ್ನು ತಿಪ್ಪೇಶಪ್ಪ ತಾವೇ ತುಂಬಿಕೊಂಡರು, ಸಂಜೆಯೊಳಗೆ ಬೀದಿಯೂ ತುಂಬಿಕೊಂಡಿತು. ತಿದ್ದುವುದಕ್ಕೆ ಸರಿಯಾದ ಸಮಯ ಬರಲಿ ಎಂದು ಬೆನಕಪ್ಪ ಕಾದರು. ಆರು ವರ್ಷ ಕಳೆದರೂ ಅದು ಬಂದಿರಲಿಲ್ಲ.

ಬೀದಿಯ ಜನ ಏನಾದರೂ ಕೇಳುತ್ತಲೇ ಇದ್ದರು. ಹಾಲು ಯಾಕೆ ಒಡೆಯಿತು, ಮೊಬೈಲು ಯಾಕೆ ಬಿಸಿಯಾಗುತ್ತದೆ, ಕುಕ್ಕರು ಯಾಕೆ ಕೂಗಲಿಲ್ಲ. ಬೆನಕಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಅದು ಒತ್ತಡದ ವ್ಯತ್ಯಾಸ ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಆರು ವರ್ಷದಲ್ಲಿ ಈ ಉತ್ತರದಿಂದ ಯಾರಿಗೂ ಕೇಡಾಗಿರಲಿಲ್ಲ. ಕುಕ್ಕರಿನ ವಿಷಯದಲ್ಲಂತೂ ಅದು ಸರಿಯಾಗಿಯೇ ಇತ್ತು.

ಆ ವರ್ಷ ಬೇಸಿಗೆಯಲ್ಲಿ ಬೆನಕಪ್ಪ ತಮ್ಮ ನಡುಮನೆಯನ್ನು ಹೊಸದು ಮಾಡಿಸಿದರು. ಹಳೇ ಕಾಲದ ಮನೆ, ತಿಪ್ಪೇಶಪ್ಪನವರ ಮನೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಗೆ ನೆಲದಿಂದ ಮಾಡಿನವರೆಗೆ ಮರದ ಹಲಗೆಗಳ ದೊಡ್ಡ ಗೂಡೊಂದು ಇತ್ತು. ಅದನ್ನು ಕೀಳಿಸಿ, ಹಿಂದಿನ ಗಾರೆ ಕೆರೆಸಿ, ಸಿಮೆಂಟಿನ ಪ್ಲಾಸ್ಟರ್ ಮಾಡಿಸಿ, ಬೆಣ್ಣೆ ಬಣ್ಣ ಹೊಡೆಸಿ, ಟೀವಿಯನ್ನು ತೂಗುಹಾಕಿದರು. ಆಷಾಢದ ಮೋಡ ಕವಿದ ಮೊದಲ ವಾರದಲ್ಲೇ ಟೀವಿಯ ಎಡಗಡೆ ಒಂದು ತೇವದ ಕಲೆ ಕಾಣಿಸಿಕೊಂಡಿತು. ಎರಡು ದಿನದಲ್ಲಿ ಅದು ಟೀವಿಯ ಕೆಳಗೆ ಹಾದು ಬಲಗಡೆಗೆ ಬಂತು.

ಮೊದಲು ಕಂಡವರು ಹೆಂಡತಿ ಕಸ್ತೂರಮ್ಮ. ಗೋಡೆ ಬೆವರುತ್ತಿದೆ ಎಂದು ಅವರು ಹೇಳಿದರು. ಬೆನಕಪ್ಪ ನಕ್ಕರು. ಗೋಡೆಗಳು ಬೆವರುವುದಿಲ್ಲ, ಬೆವರುವುದಕ್ಕೆ ಚರ್ಮ ಬೇಕು, ಇದು ಏಳನೇ ಕ್ಲಾಸಿನ ಪಾಠ ಎಂದು ತಿಳಿಸಿ ಹೇಳಿದರು. ಮುಂದಿನ ಒಂದು ತಿಂಗಳಲ್ಲಿ ಆ ಮನೆಯೊಳಗೆ ಎಷ್ಟೋ ಜನ ಎಷ್ಟೋ ಕಾರಣ ಹೇಳಿದರು. ಕಸ್ತೂರಮ್ಮನವರ ಮಾತಿನಷ್ಟು ನಿಜಕ್ಕೆ ಹತ್ತಿರವಾದದ್ದು, ಕೊನೆಯದೊಂದನ್ನು ಬಿಟ್ಟು, ಅವುಗಳಲ್ಲಿ ಒಂದೂ ಇರಲಿಲ್ಲ. ಆದರೆ ಅವರು ಒಲೆಯ ಮೇಲೆ ಸಾರು ಇಟ್ಟಿದ್ದರಿಂದ ವಾದಕ್ಕೆ ನಿಲ್ಲಲಿಲ್ಲ.

ಸುದ್ದಿ ಹಬ್ಬಿ ನೋಡುವವರು ಬಂದರು. ಸೈನ್ಸ್ ಮೇಷ್ಟ್ರ ಮನೆಯ ಗೋಡೆಗೇ ಹೀಗಾಗಿದೆಯೆಂದರೆ ಅದನ್ನು ನೋಡದೆ ಇರುವುದು ಹೇಗೆ? ತಿಪ್ಪೇಶಪ್ಪ ಟೀ ಕುಡಿಯುತ್ತ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಬಂದವರೆಲ್ಲ ಮೊದಲು ಗೋಡೆಯನ್ನು, ಆಮೇಲೆ ಬೆನಕಪ್ಪನವರನ್ನು ನೋಡುತ್ತಿದ್ದರು. ಕಾರಣ ಏನು ಎಂದು ತಿಪ್ಪೇಶಪ್ಪ ಬಾಯಿಬಿಟ್ಟು ಕೇಳಿಯೇಬಿಟ್ಟರು.

ಬೆನಕಪ್ಪ ಕನ್ನಡಕ ಒರೆಸಿದರು. ಒತ್ತಡದ ವ್ಯತ್ಯಾಸ ಎಂದು ಹೇಳಲು ಬಾಯಿ ತೆರೆದವರಿಗೆ, ಇಷ್ಟು ಜನರೆದುರು ಅದಷ್ಟೇ ಸಾಲದು ಅನ್ನಿಸಿತು. ಗೋಡೆಗೆ ಕಿವಿಯಿಟ್ಟರು. ಬೆರಳಿನಿಂದ ತಟ್ಟಿದರು. ಗೋಡೆಯ ಆ ಕಡೆ ಏನಿದೆ ಎಂದು ಅವರು ಕೇಳಿದರು.

"ನಮ್ಮ ಬಚ್ಚಲು," ಎಂದರು ತಿಪ್ಪೇಶಪ್ಪ.

"ಹಂಗಾದ್ರೆ ಮುಗೀತು," ಎಂದರು ಬೆನಕಪ್ಪ.

ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ತಿಪ್ಪೇಶಪ್ಪನವರ ಬಚ್ಚಲು ಸಾಮಾನ್ಯದ್ದಲ್ಲ. ಅವರ ಹೆಂಡತಿಯ ತಮ್ಮ ಕೆಂಚೇಶ್ ಚನ್ನಗಿರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು, ಯುಗಾದಿ ಹೊತ್ತಿಗೆ ತಾನೇ ಬಂದು ಹದಿನೈದು ದಿನ ನಿಂತು ಅದನ್ನು ಮಾಡಿಕೊಟ್ಟಿದ್ದ. ನೆಲಕ್ಕೆ ಬೂದು, ಗೋಡೆಗೆ ನೀಲಿ, ಕಣ್ಣಿನ ಎತ್ತರಕ್ಕೆ ಸುತ್ತಲೂ ಜಿಗಿಯುವ ಮೀನುಗಳ ಸಾಲು. ಮನೆಗೆ ಬಂದ ನೆಂಟರಿಗೆ ತಿಪ್ಪೇಶಪ್ಪ ಮೊದಲು ಬಚ್ಚಲು ತೋರಿಸಿ ಆಮೇಲೆ ನೀರು ಕೊಡುತ್ತಿದ್ದರು. ಮೊಬೈಲಿನಲ್ಲಿ ಅದರ ಚಿತ್ರ ಇಟ್ಟುಕೊಂಡಿದ್ದರು, ಮೊಮ್ಮಕ್ಕಳ ಚಿತ್ರಕ್ಕಿಂತ ಮೊದಲು ಅದೇ ಬರುತ್ತಿತ್ತು. ಅಂಥ ಬಚ್ಚಲಿನ ಮೇಲೆ ಬಂದ ಆರೋಪವನ್ನು ಅವರು ಟೀ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. ಮೇಷ್ಟ್ರ ಮಾತನ್ನು ಅಲ್ಲಗಳೆಯುವ ಹಾಗಿಲ್ಲ, ಮೀನುಗಳನ್ನು ಬಿಟ್ಟುಕೊಡುವ ಹಾಗೂ ಇಲ್ಲ. ಪರೀಕ್ಷೆ ಮಾಡಿ ತೋರಿಸಿ ಎಂದರು.

ಪರೀಕ್ಷೆ ಎಂಬ ಮಾತು ಬೆನಕಪ್ಪನವರ ತಲೆಗೇರಿತು. ಔಷಧಿ ಅಂಗಡಿಯಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಪೊಟ್ಟಣ ತಂದರು. ನೀರಿಗೆ ಬಿದ್ದರೆ ಕಡುನೇರಳೆ ಆಗುವ ಈ ಹರಳು ಅವರಿಗೆ ಚೆನ್ನಾಗಿ ಗೊತ್ತು. ಮೂವತ್ತೊಂದು ವರ್ಷ ಅದರ ಕಲೆ ಉಜ್ಜಿದವರು. ಬಚ್ಚಲಿನ ನೆಲಕ್ಕೆ ಈ ನೀರು ಸುರಿದರೆ, ಅದು ಸೋರಿ ಬರುವುದೇ ನಿಜವಾದಲ್ಲಿ ತಮ್ಮ ಗೋಡೆ ನೇರಳೆಯಾಗಬೇಕು. ಯೋಚನೆ ಸರಿಯಾಗಿಯೇ ಇತ್ತು. ಮರುದಿನ ಮುಂಜಾನೆ ತಿಪ್ಪೇಶಪ್ಪ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಗೋಡೆಯ ಮೇಲಿಂದ ಪೊಟ್ಟಣ ಕೊಟ್ಟು, ಒಂದು ಬಕೆಟ್ಟಿಗೆ ಒಂದು ಚಿಟಿಕೆ ಹಾಕಿ ಬಚ್ಚಲಲ್ಲಿ ಹುಯ್ಯಿರಿ ಎಂದು ಹೇಳಿದರು.

ಹುಯ್ಯಿರಿ ಎಂದೇ ತಾವು ಹೇಳಿದ್ದು ಎಂದು ಬೆನಕಪ್ಪ ಕೊನೆಯವರೆಗೂ ಸಾಧಿಸಿದರು. ಹುಯ್ಕಳ್ರಿ ಎಂದು ತಮ್ಮ ಕಿವಿಗೆ ಬಿತ್ತು ಎಂದು ತಿಪ್ಪೇಶಪ್ಪ ಕೊನೆಯವರೆಗೂ ಸಾಧಿಸಿದರು. ಬಾಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡು ನಿಂತವನಿಗೆ ಎರಡಕ್ಷರ ಬೇರೆ ಕೇಳಿಸುವುದು ದೊಡ್ಡ ಮಾತಲ್ಲ. ಮೇಲಾಗಿ, ಚಿಟಿಕೆಯಿಂದ ಆಗುವ ಒಳ್ಳೆಯದು ಪೊಟ್ಟಣದಿಂದ ಇನ್ನೂ ಹೆಚ್ಚು ಆಗುತ್ತದೆ ಎಂಬ ನಂಬಿಕೆ ತಿಪ್ಪೇಶಪ್ಪನವರದು. ಹೊಲಕ್ಕೆ ಗೊಬ್ಬರ ಹಾಕುವುದೂ ಹಾಗೆಯೇ. ಪೊಟ್ಟಣ ಪೂರ್ತಿ ಸುರಿದು ತಲೆಯ ಮೇಲಿಂದ ಎರಡು ಬಕೆಟ್ ಹುಯ್ದುಕೊಂಡರು.

ಹುಯ್ದುಕೊಳ್ಳುವಾಗ ನೇರಳೆ ಇತ್ತು. ಒಣಗಿದ ಮೇಲೆ ಅಡಿಕೆ ಚೊಗರಿನ ಕಂದು ಬಣ್ಣಕ್ಕೆ ತಿರುಗಿತು.

ಆ ದಿನ ಗೋವಿನಕೋವಿಯಲ್ಲಿ ಒಂದು ನಿಶ್ಚಿತಾರ್ಥ ಇತ್ತು. ಗಂಡಿನ ಕಡೆಯ ಹಿರಿಯರಾಗಿ ನಾಲ್ಕು ಮಾತಾಡುವುದಕ್ಕೆ ತಿಪ್ಪೇಶಪ್ಪನವರನ್ನೇ ಕರೆದಿದ್ದರು. ತಪ್ಪಿಸುವಂತಿರಲಿಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ನಡುವೆ ಕಂದು ಮುಖ ಹೊತ್ತು ಹೋದರು. ಹೆಣ್ಣಿನ ಕಡೆಯವರು ಅವರಿಗೆ ಬೇರೆ ಚಾಪೆ ಹಾಕಿದರು, ಊಟಕ್ಕೆ ಮೂಲೆಯಲ್ಲಿ ಬೇರೆ ಎಲೆ ಹಾಕಿದರು. ಹೆಣ್ಣಿನ ಅಜ್ಜಿ, ಈ ಕಾಯಿಲೆ ಗಂಡಿನ ವಂಶದಲ್ಲಿ ಇದೆಯೇ ಎಂದು ಪಕ್ಕಕ್ಕೆ ಕರೆದು ವಿಚಾರಿಸಿದಳು. ತಾವು ಗಂಡಿನ ವಂಶದವರಲ್ಲ, ಬರೀ ಪರಿಚಯ ಎಂದು ತಿಪ್ಪೇಶಪ್ಪ ಹೇಳಿದ್ದನ್ನು ಗಂಡಿನ ಕಡೆಯವರು ಒಕ್ಕೊರಲಿನಿಂದ ಒಪ್ಪಿದರು. ಹಿರಿಯರಾಗಿ ಹೋದವರು ರೋಗಿಯಾಗಿ ಹಿಂದಿರುಗಿದರು. ಕೈಯಲ್ಲಿ ಐದಾರು ಬಗೆಯ ನಾಟಿ ಔಷಧಿಯ ಚೀಟಿಗಳಿದ್ದವು.

ಬಸ್ಸಿಳಿದವರು ನೇರವಾಗಿ ಬೆನಕಪ್ಪನವರ ಮನೆಗೆ ಬಂದು ಗೋಡೆ ನೋಡಿದರು. ಗೋಡೆ ಬೆಣ್ಣೆ ಬಣ್ಣದಲ್ಲೇ ಇತ್ತು. ತೇವ ಹಾಗೇ ಇತ್ತು, ನೇರಳೆ ಮಾತ್ರ ಎಲ್ಲೂ ಇರಲಿಲ್ಲ. ಎರಡು ಬಕೆಟ್ ನೀರು ಬಚ್ಚಲಿನ ನೆಲದ ಮೇಲೇ ಹರಿದದ್ದರಿಂದ ಪರೀಕ್ಷೆಯೇನೋ ನಡೆದೇ ಹೋಗಿತ್ತು, ಫಲಿತಾಂಶವೂ ಬಂದಿತ್ತು. ಆದರೆ ಬಾಗಿಲಲ್ಲಿ ಹತ್ತು ಜನ ನಿಂತಿದ್ದರು. ಬೆನಕಪ್ಪನವರ ಬಾಯಿ ತಾನಾಗಿ ಆಡಿತು. ಬಣ್ಣವನ್ನು ಇಟ್ಟಿಗೆ ಹೀರಿಕೊಂಡು ನೀರನ್ನಷ್ಟೇ ಈ ಕಡೆಗೆ ಬಿಟ್ಟಿದೆ ಎಂದರು.

ತಿಪ್ಪೇಶಪ್ಪ ಮನೆಗೆ ಹೋಗಿ ಹಾರೆ ತಂದರು.

"ಒಡದೇ ನೋಡಾಣ ಮೇಷ್ಟ್ರೇ," ಎಂದರು. "ನೀರು ಸಿಕ್ಕಿದ್ರೆ ನಿಮ್ಮ ಮಾತು. ಸಿಗಲಿಲ್ಲಂದ್ರೆ ನಂದು."

ಬೇಡ ಎನ್ನಬೇಕೆಂದು ಬೆನಕಪ್ಪನವರ ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಆ ಕಡೆಯ ಬಚ್ಚಲಲ್ಲಿ ಮೊದಲ ಮೀನು ನೆಲಕ್ಕೆ ಬಿದ್ದಿತ್ತು. ಮರುದಿನ ಇಬ್ಬರು ಗಾರೆಯವರು ಬಂದು ಉಳಿದದ್ದನ್ನು ಮುಗಿಸಿದರು. ನೆಲದ ಟೈಲ್ಸಿನ ಕೆಳಗೆ ಮರಳು ಹುರಿದಿಟ್ಟ ಹಾಗೆ ಒಣಗಿತ್ತು. ಗೋಡೆಯ ಬುಡದಲ್ಲಿ ಇರುವೆಗಳ ಒಂದು ದೊಡ್ಡ ಸಂಸಾರ ಬೆಚ್ಚಗೆ ಬದುಕಿಕೊಂಡಿತ್ತು. ನೀರಿರುವ ಕಡೆ ಇರುವೆ ಮನೆ ಕಟ್ಟುವುದಿಲ್ಲ ಎಂದು ಗಾರೆಯವನು ಹೇಳಿ, ಬೆನಕಪ್ಪನವರ ಮುಖ ನೋಡಿದ. ಬೆನಕಪ್ಪ ಇರುವೆಗಳನ್ನು ನೋಡುತ್ತಿದ್ದರು.

ಈ ಸುದ್ದಿ ಚನ್ನಗಿರಿ ಮುಟ್ಟಿದ್ದು ಅದೇ ಮಧ್ಯಾಹ್ನ. ಕೆಂಚೇಶ್ ಅಕ್ಕನಿಗೆ ಫೋನ್ ಮಾಡಿದ. ಹದಿನೆಂಟು ವರ್ಷದಲ್ಲಿ ತಾನು ಮಾಡಿದ ಒಂದು ಬಚ್ಚಲೂ ಸೋರಿಲ್ಲ, ಒಡಹುಟ್ಟಿದವಳ ಮನೆಯಲ್ಲೇ ತನ್ನ ಕೈಗೆ ಕಳಂಕ ಬಂತು, ತಪ್ಪು ತನ್ನದಲ್ಲ ಎಂಬ ಮಾತು ಆರೋಪ ಹೊರಿಸಿದವರ ಬಾಯಿಂದಲೇ ಬರುವತನಕ ನ್ಯಾಮತಿಯ ಕಡೆ ತಲೆ ಹಾಕುವುದಿಲ್ಲ ಎಂದ. ಅಕ್ಕ ಫೋನಿಟ್ಟು ಅತ್ತಳು. ಅತ್ತು ಮುಗಿಸಿ, ತಮ್ಮನ ಹೊರತು ಬೇರೆ ಯಾರೂ ಈ ಬಚ್ಚಲಿಗೆ ಕೈ ಹಾಕಕೂಡದು ಎಂದು ಗಂಡನಿಗೆ ಹೇಳಿದಳು. ಹೀಗೆ ಬಚ್ಚಲನ್ನು ಒಡೆದದ್ದಾಯಿತೇ ಹೊರತು ಕಟ್ಟುವ ದಾರಿ ಮುಚ್ಚಿಹೋಯಿತು.

ಆರು ಜನರ ಸಂಸಾರಕ್ಕೆ ಸ್ನಾನಕ್ಕೆ ಜಾಗವಿಲ್ಲ. ತಿಪ್ಪೇಶಪ್ಪ ಜಗಳವಾಡಲಿಲ್ಲ. ಮರುದಿನ ಐದು ಗಂಟೆಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಸೋಪಿನ ಡಬ್ಬಿ ಹಿಡಿದು ಬೆನಕಪ್ಪನವರ ಬಾಗಿಲು ತಟ್ಟಿದರು. ಹಿಂದೆ ಸಂಸಾರ ವಯಸ್ಸಿನ ಪ್ರಕಾರ ಸಾಲಾಗಿ ನಿಂತಿತ್ತು. ಇದು ಸೇಡಲ್ಲ, ನ್ಯಾಯ ಎಂಬುದು ಅವರ ಮುಖದಲ್ಲಿ ಬರೆದಿತ್ತು. ಆ ಮುಖ ಇನ್ನೂ ಪೂರ್ತಿ ಬೆಳ್ಳಗಾಗಿರಲಿಲ್ಲವಾದ್ದರಿಂದ ಬೆನಕಪ್ಪ ದಾರಿ ಬಿಟ್ಟರು. ಕಸ್ತೂರಮ್ಮ ಮೊದಲೇ ಹಂಡೆಗೆ ಉರಿ ಹಾಕಿದ್ದರು.

ಅಂದಿನಿಂದ ಬೆನಕಪ್ಪನವರ ಸ್ನಾನ ಹನ್ನೊಂದು ಗಂಟೆಗೆ ಹೋಯಿತು. ಬೆಳಗಿನ ಪೂಜೆ ಮಧ್ಯಾಹ್ನಕ್ಕೆ ಸರಿಯಿತು. ಸರದಿ ಕಾಯುವವರು ನಡುಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರು. ಇವತ್ತು ಹೆಚ್ಚಿದೆ, ನಿನ್ನೆಗಿಂತ ಕಡಿಮೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಬೆನಕಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಲ್ಲಿಯ ಪೈಪೇನಾದರೂ ಒಡೆದಿರಬಹುದೇ ಎಂದು ಅವರು ಪರಿಚಯದ ಒಬ್ಬ ಎಂಜಿನಿಯರನ್ನು ಕರೆಸಿದರು. ಅವನು ಬಂದ ದಿನ ಮೋಡ ಸರಿದು ಚುರುಚುರು ಬಿಸಿಲು. ಗೋಡೆ ಒಣಗಿ ನಿಂತಿತ್ತು. ಯಾವ ಗೋಡೆ ಸರ್ ಎಂದು ಎರಡು ಸಲ ಕೇಳಿದ. ಬೆನಕಪ್ಪ ಎರಡು ಸಲವೂ ಅದೇ ಗೋಡೆ ತೋರಿಸಿದರು. ಅವನು ನಯವಾಗಿ ಟೀ ಕುಡಿದು, ಪೈಪು ಈ ಗೋಡೆಯಲ್ಲಿ ಹಾದೇ ಇಲ್ಲ ಎಂದು ತೋರಿಸಿಕೊಟ್ಟು, ಸರ್ ಚೆನ್ನಾಗಿ ನಿದ್ದೆ ಮಾಡುತ್ತಾರಾ ಎಂದು ಕಸ್ತೂರಮ್ಮನವರನ್ನು ವಿಚಾರಿಸಿ ಹೋದ. ಮರುದಿನ ಮೋಡ ಕವಿಯಿತು. ಗೋಡೆ ಮತ್ತೆ ಒದ್ದೆ.

ಈ ಹೊತ್ತಿಗೆ ಬಂದವರು ಗುರುಬಸವರಾಜ್. ಕಸ್ತೂರಮ್ಮನವರ ಅಣ್ಣ, ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೆಲದ ಕೆಳಗಿನ ನೀರು ಹೇಳುವುದರಲ್ಲಿ ಅವರ ಹೆಸರು ದೂರದವರೆಗೂ ಹೋಗಿತ್ತು; ಅವರು ಹೇಳಿದ ಕಡೆ ಕೊರೆಸಿದ ಬೋರುಗಳಲ್ಲಿ ನೀರು ಅಷ್ಟಾಗಿ ಬಂದಿರಲಿಲ್ಲ. ನಡುಮನೆಗೆ ಕಾಲಿಟ್ಟವರು ಗೋಡೆ ನೋಡಿ, ಚಪ್ಪಲಿ ಬಿಚ್ಚಿ ಕೈಮುಗಿದರು.

"ನಮ್ಮೂರಾಗೆ ಎಂಟುನೂರು ಅಡಿ ಇಳಿದ್ರೂ ಧೂಳು ಬರ್ತೈತೆ," ಎಂದರು. "ನಿಮಗೆ ಟೀವಿ ಪಕ್ಕದಾಗೆ ಬಂದೈತೆ. ದೇವರಿಗೆ ಕಣ್ಣು ಐತಾ ಇಲ್ಲಾ, ನೀನೇ ಹೇಳು ತಂಗಿ."

ಅಂಗೈ ಮೇಲೆ ಕಾಯಿ ಇಟ್ಟುಕೊಂಡು ನಡುಮನೆಯನ್ನು ಅಳೆದರು. ಸ್ನಾನದ ಸರದಿಯವರು ಕಾಲು ಮಡಿಚಿ ದಾರಿ ಬಿಟ್ಟರು. ಕಾಯಿ ಗೋಡೆಯ ಹತ್ತಿರ ಸೆಟೆದು ನಿಂತಿತು, ದೇವರ ಮನೆಯ ಮುಂದೆ ನಿಂತಿತು, ಹಿತ್ತಲ ಹಂಡೆಯ ಪಕ್ಕದಲ್ಲಂತೂ ಕುಣಿಯಿತು. ತಿಪ್ಪೇಶಪ್ಪನವರ ಅಡುಗೆಮನೆಯಿಂದ ಹೊರಟ ಒಂದು ಸೆಲೆ ಬೆನಕಪ್ಪನವರ ಸೋಫಾದ ಕೆಳಗೆ ಹಾದುಹೋಗಿದೆ, ಹದಿನೈದು ಅಡಿಗೆ ಮೂರಿಂಚು ನೀರು ಗ್ಯಾರಂಟಿ ಎಂದು ತೀರ್ಪು ಬಂತು. ಸೋಫಾ ಎತ್ತಿದರೆ ತಾವೇ ಗುರುತು ಹಾಕುವುದಾಗಿ ಅವರು ತಿಳಿಸಿದರು. ಸೆಲೆ ಹೊರಡುವುದು ತಮ್ಮ ಮನೆಯಿಂದ ಆದ್ದರಿಂದ ಅರ್ಧ ನೀರು ತಮಗೂ ಸೇರಬೇಕು ಎಂಬ ವಿಚಾರ ತಿಪ್ಪೇಶಪ್ಪನವರ ಕಡೆಯಿಂದ ಬಂತು. ಬಚ್ಚಲಿನ ತಪ್ಪಲ್ಲ, ಸೆಲೆಯ ತಪ್ಪು ಎಂದಾದರೆ ತಮ್ಮ ತಲೆ ಉಳಿಯುತ್ತದೆ ಎಂಬ ಆಸೆ ಬೆನಕಪ್ಪನವರನ್ನು ಹಿಡಿದಿತ್ತು. ಭಾವನವರ ಜೊತೆ ಸೇರಿ ಸೋಫಾದ ಒಂದು ತುದಿ ಎತ್ತಿಯೂ ಎತ್ತಿದರು.

"ಅದನ್ನ ಕೆಳಗಿಡ್ರಿ," ಎಂದರು ಕಸ್ತೂರಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಒಂದು ಮನೇದು ಒಡದಿದ್ದು ಸಾಕು."

ಇಬ್ಬರೂ ಕೆಳಗಿಟ್ಟರು.

ಸೋಫಾ ಸರಿದ ಜಾಗದಲ್ಲಿ ಗೋಡೆಗೊರಗಿ, ಸ್ನಾನ ಮುಗಿಸಿದ ಅಜ್ಜಮ್ಮ ಬಂದು ಕೂತಳು. ಅಜ್ಜಮ್ಮ ತಿಪ್ಪೇಶಪ್ಪನವರ ತಾಯಿ. ಎಂಬತ್ತು ದಾಟಿ ಎಷ್ಟು ವರ್ಷವಾಯಿತು ಎಂಬುದು ಅವಳಿಗೂ ಮರೆತಿತ್ತು. ಕೂದಲು ಬಿಚ್ಚಿ ಒಣಹಾಕಿ, ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿದಳು. ತೇವದ ಅಂಚಿನಲ್ಲಿ ಬಿಳೀ ಹಿಟ್ಟಿನಂಥದ್ದು ಎದ್ದಿತ್ತು. ಅದನ್ನು ಉಗುರಿನಿಂದ ಕೆರೆದು, ಮಜ್ಜಿಗೆಯ ರುಚಿ ನೋಡುವ ಹಾಗೆ ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು ಇನ್ನೂ ಐತೆ ನೋಡು," ಎಂದಳು.

ಯಾವ ಉಪ್ಪು ಎಂದು ಕಸ್ತೂರಮ್ಮ ಕೇಳಿದರು. ಅಜ್ಜಮ್ಮ ಅವಸರವಿಲ್ಲದೆ ಹೇಳಿದಳು. ಅವಳು ಮದುವೆಯಾಗಿ ಈ ಬೀದಿಗೆ ಬಂದಾಗ ಇದು ಮನೆಯಲ್ಲ, ಚಿತ್ತಪ್ಪ ಎಂಬ ದಿನಸಿ ಸಾಹುಕಾರನ ಉಪ್ಪಿನ ಮಳಿಗೆ. ಈ ಗೋಡೆಗೇ ಉಪ್ಪಿನ ಮೂಟೆಗಳನ್ನು ಸೂರಿನವರೆಗೆ ಒಟ್ಟುತ್ತಿದ್ದರು. ಮಳೆಗಾಲದಲ್ಲಿ ಮೂಟೆ ನೀರೊಡೆದು ನೆಲವೆಲ್ಲ ರಾಡಿಯಾಗುತ್ತಿತ್ತು. ಬೀದಿಯ ಆಡುಗಳೆಲ್ಲ ಬಂದು ಗೋಡೆ ನೆಕ್ಕುತ್ತಿದ್ದವು, ಅವುಗಳನ್ನು ಓಡಿಸಿ ಓಡಿಸಿ ಚಿತ್ತಪ್ಪನಿಗೆ ಉಬ್ಬಸ ಬಂದಿತ್ತು. ತಿಪ್ಪೇಶಪ್ಪ ತೊಟ್ಟಿಲಲ್ಲಿದ್ದಾಗ ಮಳಿಗೆ ಮುಚ್ಚಿತು. ಆಮೇಲೆ ಬಟ್ಟೆ ಅಂಗಡಿಯವನು ಬಂದು ಗೋಡೆಗೆ ಹಲಗೆಯ ಗೂಡು ಹೊಡೆಸಿ ಮುಚ್ಚಿದ.

"ಇಟ್ಟಿಗೆ ಉಪ್ಪು ಕುಡದು ಕೂತೈತೆ," ಎಂದಳು ಅಜ್ಜಮ್ಮ. "ಮೋಡ ಆದ್ರೆ ನೀರೊಡಿತೈತೆ, ಬಿಸಿಲು ಬಂದ್ರೆ ಒಣಗ್ತೈತೆ. ನಿಮ್ಮನೆ ಉಪ್ಪಿನ ಗಡಿಗೆ ಹಂಗೆ ಆಗಲ್ಲೇನು?"

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ತಿಪ್ಪೇಶಪ್ಪ ಕೇಳಬಹುದಿತ್ತು, ಆದರೆ ಅವರು ಆ ಹೊತ್ತಿಗೆ ಒಳಗೆ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದರು. ಕೇಳಿದವರು ಬೆನಕಪ್ಪ. ಮೇಷ್ಟ್ರು ಸೈನ್ಸ್ ಓದಿದವರು, ಅವರು ಬಚ್ಚಲು ಅಂದಮೇಲೆ ಬಚ್ಚಲೇ ಇರಬೇಕು ಅಂದುಕೊಂಡೆ ಎಂದಳು ಅಜ್ಜಮ್ಮ.

ಎಲ್ಲರೂ ಹೋದಮೇಲೆ ಬೆನಕಪ್ಪ ಬಾಗಿಲಿಗೆ ಅಗಳಿ ಹಾಕಿದರು. ಸುತ್ತ ನೋಡಿ, ಬಗ್ಗಿ, ಗೋಡೆಯನ್ನು ನೆಕ್ಕಿದರು. ಉಪ್ಪೇ. ಗುರುಬಸವರಾಜ್ ಹಿತ್ತಲಿನಿಂದ ಬಂದು ಅದನ್ನು ಕಂಡು, ತಾವೂ ಬಗ್ಗಿ ನೋಡಿದರು. ಇಂಥ ನೀರು ಬೆಳೆಗೆ ಬರುವುದಿಲ್ಲ ಎಂದು ಹೇಳಿ, ಕಾಯಿಯನ್ನು ಚಟ್ನಿಗೆ ಕೊಟ್ಟು ಸಂಜೆಯ ಬಸ್ಸಿಗೆ ಜಗಳೂರಿಗೆ ಹೊರಟುಬಿಟ್ಟರು.

ಬೆನಕಪ್ಪ ಸೋಫಾದ ಮೇಲೆ ಕೂತೇ ಇದ್ದರು. ಕೆಲವು ಲವಣಗಳು ಗಾಳಿಯ ತೇವ ಹೀರಿ ತಾವೇ ನೀರಾಗುತ್ತವೆ. ಅವರ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಈ ಪ್ರಯೋಗ ಮಾಡಿ ತೋರಿಸುತ್ತಿದ್ದರು. ಗಾಜಿನ ತಟ್ಟೆಯಲ್ಲಿ ಲವಣ ಇಟ್ಟು ಕಿಟಕಿಯ ಮೇಲೆ ಇಡುತ್ತಿದ್ದವರು ಬೆನಕಪ್ಪನವರೇ. ಮೇಷ್ಟ್ರು ಕಾರಣವನ್ನು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು. ಮೂವತ್ತೊಂದು ವರ್ಷ ಆ ಬೋರ್ಡನ್ನು ಬೆನಕಪ್ಪ ಒರೆಸಿದ್ದರು. ಓದಿರಲಿಲ್ಲ.

ಎರಡು ದಿನ ಅವರು ಸುಮ್ಮನಿದ್ದರು. ಅಜ್ಜಮ್ಮ ಹೇಳಿದ್ದನ್ನು ಅವಳ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಹಾಗೇ ಬಿಟ್ಟರೂ ನಡೆಯುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ತಿಪ್ಪೇಶಪ್ಪ ಅಜ್ಜಮ್ಮನ ತಲೆಯ ಮೇಲೆ ಟವೆಲ್ ಹಿಡಿದು ಕರೆದುಕೊಂಡು ಬಂದು, ಬಾಗಿಲಲ್ಲಿ ಕಾಲು ಒರೆಸುತ್ತ, ಮೇಷ್ಟ್ರು ದೊಡ್ಡ ಮನಸ್ಸಿನವರು, ಬೇರೆಯವರಾಗಿದ್ದರೆ ಇಷ್ಟು ದಿನ ಬಿಸಿನೀರು ಕೊಡುತ್ತಿದ್ದರೇ ಎಂದು ತಾಯಿಗೆ ಹೇಳಿದರು. ಹಂಡೆಯ ಹತ್ತಿರ ನಿಂತಿದ್ದ ಬೆನಕಪ್ಪನವರಿಗೆ ಅದು ಕೇಳಿಸಿತು. ಅವರ ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು.

ಅವತ್ತೇ ಅವರು ತಿಪ್ಪೇಶಪ್ಪನವರ ಮನೆಗೆ ಹೋದರು. ಟೈಲ್ಸಿನ ಚೂರುಗಳ ಗುಡ್ಡೆಯ ಪಕ್ಕದಲ್ಲಿ ನಿಂತು, ತೇವಕ್ಕೆ ಕಾರಣ ಉಪ್ಪು, ಬಚ್ಚಲಿನ ತಪ್ಪು ಎಳ್ಳಷ್ಟೂ ಇಲ್ಲ, ತಪ್ಪೆಲ್ಲ ತಮ್ಮದು ಎಂದರು. ತಿಪ್ಪೇಶಪ್ಪ ಒಂದು ಚೂರು ಎತ್ತಿಕೊಂಡರು. ಅದರ ಮೇಲೆ ಮೀನಿನ ಅರ್ಧ ಬಾಲ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ನನಗೆ ಹೇಳಿ ಏನು ಪ್ರಯೋಜನ, ಕೆಂಚೇಶನಿಗೆ ಹೇಳಿ ಎಂದರು.

ಇಬ್ಬರೂ ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಚನ್ನಗಿರಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಕೆಂಚೇಶನ ಅಂಗಡಿಯಲ್ಲಿ ಸಾಲಾಗಿ ಇಟ್ಟ ಕಮೋಡುಗಳ ನಡುವೆ ಎರಡು ಕುರ್ಚಿ ಹಾಕಿದರು. ಕೆಂಚೇಶ್ ಟೀ ತರಿಸಿದ, ಮುಖ ಮಾತ್ರ ಕೊಡಲಿಲ್ಲ. ಬೆನಕಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಕೆಂಚೇಶ್ ಕೇಳಿಸಿಕೊಂಡು, ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದುಕೊಡಿ ಎಂದ.

ಬಿಳಿ ಹಾಳೆ ಬಂತು. ಬೆನಕಪ್ಪ ಬರೆದರು. "ನ್ಯಾಮತಿಯ ತಿಪ್ಪೇಶಪ್ಪನವರ ಬಚ್ಚಲಿನಿಂದ ನನ್ನ ಗೋಡೆಗೆ ಒಂದು ತೊಟ್ಟು ನೀರೂ ಬಂದಿರುವುದಿಲ್ಲ. ತೇವಕ್ಕೆ ಗೋಡೆಯೊಳಗಿನ ಹಳೇ ಉಪ್ಪೇ ಕಾರಣವಾಗಿರುತ್ತದೆ. ಸದರಿ ಬಚ್ಚಲು ನಿರ್ದೋಷಿಯಾಗಿರುತ್ತದೆ." ಸಹಿ ಹಾಕಿದರು. ಕೆಳಗೆ ಹುದ್ದೆ ಬರೆಯಿರಿ ಎಂದ ಕೆಂಚೇಶ್.

ಪೆನ್ನು ನಿಂತಿತು. ಹೊರಗೆ ಒಂದು ಲಾರಿ ಹಾದುಹೋಗುವಷ್ಟು ಹೊತ್ತು ನಿಂತಿತ್ತು. ಆಮೇಲೆ ಬೆನಕಪ್ಪ ದುಂಡಗೆ ಬರೆದರು: ನಿವೃತ್ತ ಅಟೆಂಡರ್, ವಿಜ್ಞಾನ ಪ್ರಯೋಗಾಲಯ. ಬರೆದು, ತಲೆಯೆತ್ತದೆ, ಆರು ವರ್ಷದಿಂದ ಹೇಳಬೇಕೆಂದಿದ್ದೆ ಎಂದರು. ತಾವು ಮೇಷ್ಟ್ರಲ್ಲ, ಬಾಟಲಿ ತೊಳೆಯುತ್ತಿದ್ದವರು. ಎದೆಯಿಂದ ಒಂದು ಮೂಟೆ ಇಳಿಸಿದಂತೆ ಹಗುರವಾಯಿತು.

ತಿಪ್ಪೇಶಪ್ಪ ಹಾಳೆ ತೆಗೆದುಕೊಂಡು ಎರಡು ಸಲ ಓದಿದರು. ಸಿಟ್ಟು ಮಾಡುತ್ತಾರೆ ಎಂದು ಬೆನಕಪ್ಪ ಕಾದರು. ತಿಪ್ಪೇಶಪ್ಪನವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

"ಇದನ್ನ ಬರೀಬ್ಯಾಡ್ರಿ ಮೇಷ್ಟ್ರೇ," ಎಂದರು. "ಮೇಷ್ಟ್ರು ಹೇಳಿದ್ರು ಅಂತ ಬಚ್ಚಲು ಒಡದೆ ಅಂದ್ರೆ ಊರು ಒಪ್ತೈತೆ. ಅಟೆಂಡರ್ ಹೇಳಿದ್ರು ಅಂತ ಒಡದೆ ಅಂದ್ರೆ ನಾನು ಏನಾದೆ?"

ನಿಜ ಹಾಗಿದೆಯಲ್ಲ ಎಂದು ಬೆನಕಪ್ಪ ಮೆಲ್ಲಗೆ ಹೇಳಿದರು. ನಿಜ ನಿಮ್ಮ ಮನೆಯಲ್ಲಿ ಇರಲಿ, ಬೀದಿಯಲ್ಲಿ ನನ್ನ ಮರ್ಯಾದೆ ಇರಲಿ ಎಂದರು ತಿಪ್ಪೇಶಪ್ಪ. ಅದೂ ಅಲ್ಲದೆ ಆ ಮೈಬಣ್ಣದ ಕಥೆ ಗೋವಿನಕೋವಿ ದಾಟಿ ಹೋಗಿದೆ. ಅಟೆಂಡರ್ ಕೊಟ್ಟ ಪುಡಿ ಹುಯ್ದುಕೊಂಡು ನಿಶ್ಚಿತಾರ್ಥಕ್ಕೆ ಬಂದವ ಎಂದರೆ ಇನ್ನು ಯಾವ ಮನೆಯವರು ಹಿರಿಯನೆಂದು ಕರೆಯುತ್ತಾರೆ? ಕೆಂಚೇಶನೂ ಯೋಚಿಸಿ, ತನ್ನ ಕೆಲಸ ನಿರ್ದೋಷಿ ಎಂದು ಹೇಳುವವರು ಆದಷ್ಟು ದೊಡ್ಡವರಾಗಿದ್ದರೆ ತನಗೂ ಒಳ್ಳೆಯದು ಎಂದ. ಆರು ವರ್ಷ ಅದುಮಿಟ್ಟು ಹೊರಗೆ ತಂದ ಸತ್ಯವನ್ನು ಯಾರೂ ಕೈಯಲ್ಲಿ ಹಿಡಿಯಲು ತಯಾರಿಲ್ಲದ್ದನ್ನು ಕಂಡು ಬೆನಕಪ್ಪ ಟೀ ಕುಡಿದರು. ಅದು ಆರಿಹೋಗಿತ್ತು.

ಬರೆದದ್ದನ್ನು ಹೊಡೆದುಹಾಕಲು ಅವರು ಒಪ್ಪಲಿಲ್ಲ. ಕೊನೆಗೆ ಕೆಂಚೇಶ್ ಅಂಗಡಿಯ ರಬ್ಬರ್ ಸ್ಟಾಂಪ್ ತೆಗೆದು, ಇಂಕು ಚೆನ್ನಾಗಿ ಹಚ್ಚಿ, ಅಟೆಂಡರ್ ಎಂಬ ಅಕ್ಷರಗಳ ಮೇಲೆ ಸರಿಯಾಗಿ ಒತ್ತಿದ. ಉಳಿದದ್ದು ನಿವೃತ್ತ, ವಿಜ್ಞಾನ ಪ್ರಯೋಗಾಲಯ. ಎಲ್ಲರಿಗೂ ಒಪ್ಪಿಗೆಯಾಯಿತು. ಸಂಜೆಯೊಳಗೆ ಹಾಳೆಗೆ ಲ್ಯಾಮಿನೇಶನ್ ಆಗಿ, ಕಮೋಡುಗಳ ಮೇಲಿನ ಗೋಡೆಯಲ್ಲಿ ತೂಗಿತು.

ಕೆಂಚೇಶ್ ಸೋಮವಾರವೇ ನ್ಯಾಮತಿಗೆ ಬಂದ. ಶ್ರಾವಣ ಮುಗಿಯುವುದರೊಳಗೆ ಬಚ್ಚಲು ಎದ್ದಿತು, ಈ ಸಲ ಮೀನಿನ ಬದಲು ಹಂಸ. ಬೆನಕಪ್ಪನವರ ಗೋಡೆಯ ಸಿಮೆಂಟನ್ನೂ ಅವನೇ ಕೆರೆದು, ಜೇಡಿಮಣ್ಣು ಮೆತ್ತಿ ಮೆತ್ತಿ ಉಪ್ಪು ಹೀರಿಸಿ ತೆಗೆದ. ಚೆನ್ನಾಗಿ ಒಣಗಿದ ಮೇಲೆ ಸುಣ್ಣದ ಗಾರೆ ಹಾಕಿಸಿ ಎಂದು ಹೇಳಿಹೋದ. ಅಜ್ಜಮ್ಮ ಮಾತ್ರ ಕಸ್ತೂರಮ್ಮನ ಹಂಡೆಯ ನೀರೇ ಮೈಗೆ ಹಿತ ಎಂದು, ಎರಡು ದಿನಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಬೆನಕಪ್ಪನವರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೊನ್ನಾಳಿಯಿಂದ ಒಬ್ಬ ಗೃಹಸ್ಥ. ಚನ್ನಗಿರಿಯ ಟೈಲ್ಸ್ ಅಂಗಡಿಯಲ್ಲಿ ಸರ್ ಅವರ ಸರ್ಟಿಫಿಕೇಟ್ ನೋಡಿ ನಂಬರು ಪಡೆದದ್ದಾಗಿ ಹೇಳಿದ. ಅವನ ಮಲಗುವ ಕೋಣೆಯ ಗೋಡೆಗೆ ತೇವ ಬಂದಿದೆ, ಮೇಲಿನ ಮನೆಯವರದೇ ತಪ್ಪು ಎಂದು ಗಾರೆಯವರನ್ನೂ ಕರೆಸಿದ್ದಾಗಿದೆ, ಆದರೂ ಒಡೆಯುವ ಮುಂಚೆ ಸರ್ ಒಂದು ಮಾತು ಹೇಳಿದರೆ ಧೈರ್ಯ ಎಂದ.

ಒಡೆಯಬೇಡಿ ಎಂದು ಬೆನಕಪ್ಪ ಮೂರು ಸಲ ಹೇಳಿದರು. ತಾವು ಸರ್ ಅಲ್ಲ ಎಂದು ಹೇಳುವುದಕ್ಕೂ ಬಾಯಿ ತೆರೆದರು. ತಿಪ್ಪೇಶಪ್ಪ ಎದುರಿಗೇ ಪೇಪರ್ ಓದುತ್ತ ಕೂತಿದ್ದರು, ಪೇಪರಿನ ಮೇಲಿಂದ ಕಣ್ಣೆತ್ತಿ ನೋಡಿದರು. ಬೆನಕಪ್ಪ ಆ ಮಾತನ್ನು ನುಂಗಿಕೊಂಡು, ತಮಗೆ ಖಚಿತವಾಗಿ ಗೊತ್ತಿದ್ದ ಒಂದೇ ವಿಜ್ಞಾನವನ್ನು ಹೇಳಿದರು.

"ಮೊದ್ಲು ಗೋಡೆ ನೆಕ್ಕಿ ನೋಡ್ರಿ."

ಫೋನ್ ಇಟ್ಟುಬಿಟ್ಟನೇನೋ ಎಂದುಕೊಳ್ಳುವಷ್ಟರಲ್ಲಿ ಆ ಕಡೆ ಕಾಗದ ಸರಿಸಿದ, ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಒಳಗಿಂದ ನೆಕ್ಕಬೇಕಾ ಸರ್, ಹೊರಗಿಂದಾನಾ?" ಎಂದ ಅವನು.